ಲಿಯೊನೊವ್ ಮತ್ತು ನನ್ನ ಒಂದು ತಪ್ಪು ಪಾಠ

ಈ ಬರಹವನ್ನು ವಿಶೇಷವಾಗಿ ಹುನಗುಂದ, ಇಳಕಲ್ ಮತ್ತು ಬಾದಾಮಿಯ ಶಾಲೆಗಳಲ್ಲಿ ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರು ಓದಬೇಕೆಂಬುದು ನನ್ನ ಅಪೇಕ್ಷೆ. ಬಂಧುಗಳು ಓದಬಾರದೆಂದೇನೂ ಅಲ್ಲ. ಆದರೆ ತಿದ್ದುಪಡಿ ಸಲ್ಲಬೇಕಾದದ್ದು ವಿದ್ಯಾರ್ಥಿಗಳಿಗೆ. ಮೂವತ್ತು ವರ್ಷಕ್ಕೂ ಮಿಕ್ಕಿದ ನನ್ನ ಸೇವೆಯಲ್ಲಿ ಎಷ್ಟು ತಪ್ಪುಗಳನ್ನು ಕಲಿಸಿದ್ದೇನೋ ಆ ದೇವರೇ ಬಲ್ಲ. ಅವುಗಳಲ್ಲಿ ಒಂದು ಮಾತ್ರ ನನಗೆ ಖಚಿತವಾಗಿ ಗೊತ್ತಿದೆ. ಅದು ಅಲೆಕ್ಸೀ ಲಿಯೊನೊವ್ ಅವರನ್ನು ಕುರಿತದ್ದು.

ನಾನು ಹಳೆಯ ಬಾಗಲಕೋಟೆಯಲ್ಲಿ ಹೈಸ್ಕೂಲು ಓದುತ್ತಿದ್ದ ಕಾಲ. ಈಗ ಆಲಮಟ್ಟಿಯ ಹಿನ್ನೀರು ಆ ಊರಿನ ಬಹುಭಾಗವನ್ನು ನುಂಗಿದೆ; ನಾವು ಓಡಾಡಿದ ಓಣಿಗಳಲ್ಲಿ ಎಷ್ಟೋ ನೀರಿನ ಅಡಿಯಲ್ಲಿವೆ. 1965ರ ಮಾರ್ಚ್ ತಿಂಗಳು, ಪರೀಕ್ಷೆಯ ದಿನಗಳು. ಹುಬ್ಬಳ್ಳಿಯಿಂದ ಬರುತ್ತಿದ್ದ 'ಸಂಯುಕ್ತ ಕರ್ನಾಟಕ'ವನ್ನು ನಮ್ಮ ಓಣಿಯಲ್ಲಿ ಒಂದೇ ಮನೆಗೆ ತರಿಸುತ್ತಿದ್ದರು. ಓದುವವರು ಮಾತ್ರ ಇಪ್ಪತ್ತು ಜನ. ಸೋವಿಯತ್ ದೇಶದ ಒಬ್ಬ ಮನುಷ್ಯ ಗಗನನೌಕೆಯಿಂದ ಹೊರಗೆ ಬಂದು ಬರಿಯ ಆಕಾಶದಲ್ಲಿ ತೇಲಿದನೆಂಬ ಸುದ್ದಿಯನ್ನು ನಾವು ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಬಾಗಿ ಓದಿದೆವು. 'ಹೊರಗೆ ಬಂದನಂತೆ' ಎಂಬ ಮಾತಿನ ಅರ್ಥ ನಮ್ಮಲ್ಲಿ ಯಾರಿಗೂ ಆಗಿರಲಿಲ್ಲ. ಹೊರಗೆ ಎಂದರೆ ಎಲ್ಲಿಗೆ? ಅಂಗಳವಿಲ್ಲದ ಹೊರಗು ಎಂಥದ್ದು?

ಮುಂದೆ ನಾನೇ ಮಾಸ್ತರನಾಗಿ ಹುನಗುಂದಕ್ಕೆ ಬಂದಾಗ ಈ ಪ್ರಸಂಗ ನನ್ನ ಮೆಚ್ಚಿನ ಪಾಠವಾಯಿತು. ಆಗ ಸೋವಿಯತ್ ದೇಶದಿಂದ ನುಣುಪು ಕಾಗದದ ಬಣ್ಣದ ಪತ್ರಿಕೆಗಳು ಅಗ್ಗವಾಗಿ ಬರುತ್ತಿದ್ದವು. ನಿಮ್ಮಲ್ಲಿ ಅನೇಕರು ಅವುಗಳ ಹಾಳೆಗಳನ್ನು ನೋಟುಪುಸ್ತಕಕ್ಕೆ ರಟ್ಟಿನಂತೆ ಹೊದಿಸಿಕೊಂಡಿದ್ದಿರಿ. ಅಂಥ ಒಂದು ಹಾಳೆಯನ್ನು ಹಿಡಿದುಕೊಂಡು ನಾನು ಹೇಳುತ್ತಿದ್ದುದು ಇಷ್ಟು: ಲಿಯೊನೊವ್ ಹನ್ನೆರಡು ನಿಮಿಷ ಆಕಾಶದಲ್ಲಿ ಹಂಸದಂತೆ ತೇಲಿದರು, ಭೂಮಿಗೆ ಕೈ ಬೀಸಿದರು, ಸುಖವಾಗಿ ಒಳಗೆ ಹೋದರು, ಸುಖವಾಗಿ ಇಳಿದರು.

ಒಂದು ಸಲ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಸರ, ಅವಂಗ ಅಂಜಿಕಿ ಆಗಲಿಲ್ಲೇನ್ರಿ?"

ತರಗತಿ ನಕ್ಕಿತು. ನಾನೂ ನಕ್ಕೆನೇನೋ. "ವೀರರಿಗೆ ಅಂಜಿಕೆ ಇರುವುದಿಲ್ಲ, ಕೂಡು" ಎಂದೆ. ಅವನು ಕುಳಿತ. ನಾನು ಫಲಕದ ಮೇಲೆ ದಿನಾಂಕವನ್ನು ಬರೆದೆ: 18 ಮಾರ್ಚ್ 1965. ಪರೀಕ್ಷೆಗೆ ಬೇಕಾದದ್ದು ಅಷ್ಟೇ ತಾನೆ?

ಆ ದಿನಾಂಕವೊಂದು ಸರಿ. ಉಳಿದದ್ದೆಲ್ಲ ತಪ್ಪು.

ಅದು ತಪ್ಪೆಂದು ನನಗೆ ತಿಳಿದದ್ದು ನಿವೃತ್ತಿಯ ಅಂಚಿನಲ್ಲಿ. ಲಿಯೊನೊವ್ ಅವರು ಅಮೆರಿಕದ ಗಗನಯಾತ್ರಿ ಡೇವಿಡ್ ಸ್ಕಾಟ್ ಜೊತೆಗೂಡಿ ಬರೆದ 'ಟೂ ಸೈಡ್ಸ್ ಆಫ್ ದಿ ಮೂನ್' 2004ರಲ್ಲಿ ಪ್ರಕಟವಾಯಿತು. ಬೆಂಗಳೂರಿನಿಂದ ಬಂದ ಮಗಳು ಅದನ್ನು ತಂದುಕೊಟ್ಟಾಗ, ಹಳೆಯ ಮಿತ್ರನ ಯೋಗಕ್ಷೇಮ ವಿಚಾರಿಸುವವನಂತೆ ಮೊದಲು ಆ ಹನ್ನೆರಡು ನಿಮಿಷಗಳ ಭಾಗವನ್ನೇ ತೆಗೆದು ಓದಿದೆ. ಓದಿ ಮುಗಿಸಿದ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತೆ.

ನಡೆದದ್ದು ಹೀಗೆ. ವೋಸ್ಖೋದ್ 2 ನೌಕೆಯಲ್ಲಿ ಇದ್ದವರು ಇಬ್ಬರು, ಪಾವೆಲ್ ಬೆಲ್ಯಾಯೆವ್ ಮತ್ತು ಲಿಯೊನೊವ್. ಅದಕ್ಕೂ ಮುಂಚೆ, ಫೆಬ್ರವರಿಯಲ್ಲಿ, ಇದೇ ಮಾದರಿಯ ನೌಕೆಯೊಂದನ್ನು ಜನರಿಲ್ಲದೆ ಹಾರಿಸಿ ಪರೀಕ್ಷಿಸಿದ್ದರು. ನೆಲದ ಎರಡು ಕೇಂದ್ರಗಳಿಂದ ಹೋದ ಆಜ್ಞೆಗಳು ಒಂದಕ್ಕೊಂದು ಬೆರೆತು, ಆ ನೌಕೆ ತನ್ನನ್ನು ತಾನೇ ಸ್ಫೋಟಿಸಿಕೊಂಡಿತು. ತಿಳಿಯಬೇಕಾದ ಸಂಗತಿಗಳು ಪೂರ್ತಿಯಾಗಿ ತಿಳಿಯಲಿಲ್ಲ. ಇನ್ನೊಂದು ಪರೀಕ್ಷೆಗೆ ಕಾಯೋಣವೇ, ಹೀಗೆಯೇ ಹೊರಡೋಣವೇ ಎಂಬ ಪ್ರಶ್ನೆ ಬಂದಾಗ ಇಬ್ಬರೂ ಹೊರಡುತ್ತೇವೆಂದರು. ಅಮೆರಿಕದವರು ತಮ್ಮ ಜೆಮಿನಿ ನೌಕೆಯಿಂದ ಹೊರಬರುವ ಸಿದ್ಧತೆಯಲ್ಲಿದ್ದ ಕಾಲವದು.

ಸೋವಿಯತ್ ನೌಕೆಯ ಒಳಗಿನ ಯಂತ್ರಗಳು ತಣ್ಣಗಿರಲು ಗಾಳಿ ಬೇಕಾಗಿದ್ದುದರಿಂದ ನೌಕೆಯ ಗಾಳಿಯನ್ನೆಲ್ಲ ಹೊರಗೆ ಬಿಟ್ಟು ಬಾಗಿಲು ತೆರೆಯುವಂತಿರಲಿಲ್ಲ. ಅದಕ್ಕಾಗಿ ನೌಕೆಯ ಪಕ್ಕಕ್ಕೆ, ಗಾಳಿ ತುಂಬಿದರೆ ಉಬ್ಬಿ ನಿಲ್ಲುವ ಒಂದು ಬಟ್ಟೆಯ ಕೊಳವೆಯನ್ನು ಜೋಡಿಸಿದ್ದರು. ನಮ್ಮ ಹಳೆಯ ಮನೆಗಳ ಪಡಸಾಲೆಯಿದ್ದಂತೆ, ಒಳಗೂ ಅಲ್ಲ ಹೊರಗೂ ಅಲ್ಲ. ಲಿಯೊನೊವ್ ಅದರಲ್ಲಿ ಹೊಕ್ಕು, ಒಳಬಾಗಿಲು ಮುಚ್ಚಿದ ಮೇಲೆ ಹೊರಬಾಗಿಲಿನಿಂದ ಹೊರಗೆ ಬಂದರು. ಸುಮಾರು ಐದು ಮೀಟರ್ ಉದ್ದದ ಹಗ್ಗವೊಂದೇ ಅವರಿಗೂ ನೌಕೆಗೂ ಇದ್ದ ಸಂಬಂಧ. ಕೆಳಗೆ ಕಪ್ಪು ಸಮುದ್ರ. ಕಿವಿಗೆ ತಮ್ಮ ಉಸಿರಿನ ಸದ್ದು ಮಾತ್ರ.

ಇಲ್ಲಿಯವರೆಗೆ ನನ್ನ ಪಾಠವೂ ನಿಜವೂ ಒಂದೇ ದಾರಿಯಲ್ಲಿ ಹೋಗುತ್ತವೆ. ಆಮೇಲೆ ಉಡುಪು ಉಬ್ಬಿತು.

ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆದವರಿಗೆ ಇದು ಬೇಗ ತಿಳಿಯುತ್ತದೆ. ಟೈರಿನ ಒಳಗಿದ್ದರೆ ಟ್ಯೂಬು ತನ್ನ ಅಳತೆಯಲ್ಲಿರುತ್ತದೆ. ಟೈರನ್ನು ತೆಗೆದು ಗಾಳಿ ಹೊಡೆದರೆ ಹೇಗೆಂದರೆ ಹಾಗೆ ಉಬ್ಬುತ್ತದೆ, ಬಾಗಿಸಹೋದರೆ ಬಾಗುವುದಿಲ್ಲ. ಭೂಮಿಯ ಮೇಲೆ ನಮ್ಮನ್ನು ಸುತ್ತಲಿಂದ ಗಾಳಿ ಒತ್ತುತ್ತಿರುತ್ತದೆ. ಅಲ್ಲಿ ಒತ್ತುವುದು ಏನೂ ಇಲ್ಲ. ಉಡುಪಿನ ಒಳಗಿದ್ದ ಗಾಳಿ ಅದನ್ನು ಬಿಗಿಯಾದ ಚೀಲದಂತೆ ಮಾಡಿತು. ಬೆರಳುಗಳು ಕೈಗವಸಿನ ತುದಿಯಿಂದ ಹಿಂದೆ ಸರಿದವು, ಪಾದಗಳು ಬೂಟಿನಿಂದ ಸಡಿಲವಾದವು. ಹಗ್ಗವನ್ನು ಸುತ್ತಿಕೊಳ್ಳುತ್ತ ಒಳಗೆ ಬರಬೇಕೆಂದರೆ ಹಿಡಿಯಲು ಬೆರಳಿಲ್ಲ. ಉಬ್ಬಿದ ಮೈ ಆ ಕೊಳವೆಯ ಬಾಯಲ್ಲಿ ಹಿಡಿಯುವಂತಿಲ್ಲ. ಕೆಲವೇ ನಿಮಿಷಗಳಲ್ಲಿ ನೌಕೆ ಭೂಮಿಯ ನೆರಳಿಗೆ ಹೋಗಲಿತ್ತು, ಆಮೇಲೆ ಕಗ್ಗತ್ತಲೆ.

ಅವರ ಉಡುಪಿನಲ್ಲಿ ಗಾಳಿಯ ಒತ್ತಡವನ್ನು ತಗ್ಗಿಸುವ ಒಂದು ವಾಲ್ವ್ ಇತ್ತು. ವಾಯುಮಂಡಲದ ಸುಮಾರು 0.4 ಪಾಲಿನಷ್ಟಿದ್ದ ಒತ್ತಡವನ್ನು 0.27ಕ್ಕೆ ಇಳಿಸಬಹುದಿತ್ತು. ಇಳಿಸಿದರೆ ಉಡುಪು ಸಡಿಲವಾಗುತ್ತದೆ. ಆದರೆ ಅದಕ್ಕೊಂದು ಬೆಲೆಯಿದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಗುಳ್ಳೆಗಳು ಏಳುವಂತೆ, ಒತ್ತಡ ಒಮ್ಮೆಲೆ ಇಳಿದರೆ ರಕ್ತದಲ್ಲಿ ಕರಗಿರುವ ಸಾರಜನಕ ಗುಳ್ಳೆಯಾಗಿ ಏಳುತ್ತದೆ. ಆಳ ಸಮುದ್ರದಿಂದ ಅವಸರದಲ್ಲಿ ಮೇಲೆ ಬಂದ ಮುಳುಗುಗಾರರನ್ನು ಕೊಲ್ಲುವುದು ಇದೇ. ಹೊರಗೆ ಬರುವ ಮುನ್ನ ಬಹಳ ಹೊತ್ತು ಶುದ್ಧ ಆಮ್ಲಜನಕವನ್ನೇ ಉಸಿರಾಡಿದ್ದೇನೆ, ರಕ್ತದಲ್ಲಿ ಸಾರಜನಕ ಬಹುಪಾಲು ಹೋಗಿರಬೇಕು ಎಂದು ಅವರು ಲೆಕ್ಕ ಹಾಕಿದರು. ಭೂಮಿಗೆ ಮುಂಚಿತವಾಗಿ ತಿಳಿಸಲಿಲ್ಲ. ವಾಲ್ವ್ ತಿರುಗಿಸಿದರು.

ನಿಯಮದ ಪ್ರಕಾರ ಕಾಲು ಮುಂದಾಗಿ ಒಳಗೆ ಬರಬೇಕು. ಅವರು ತಲೆ ಮುಂದಾಗಿ ನುಗ್ಗಿದರು. ಹೊರಬಾಗಿಲು ಮುಚ್ಚಿತೋ ಇಲ್ಲವೋ ನೋಡಲು ಆ ಇಕ್ಕಟ್ಟಿನಲ್ಲಿ ಮೈಯನ್ನು ಪೂರ್ತಿಯಾಗಿ ಹಿಂದಕ್ಕೆ ತಿರುಗಿಸಬೇಕಾಯಿತು. ಅದು ಉಳಿದ ಕೆಲಸಗಳಿಗಿಂತ ಕಠಿಣವಾಗಿತ್ತೆಂದು ನನ್ನ ಅನಿಸಿಕೆ. ಮೈಯ ಉಷ್ಣತೆ ಏರಿತ್ತು, ಉಡುಪಿನೊಳಗೆ ಬೆವರು ನೀರಾಗಿ ಹರಿಯುತ್ತಿತ್ತು. ಆ ಯಾತ್ರೆಯಲ್ಲಿ ಸುಮಾರು 6 ಕಿಲೋ ತೂಕ ಕಳೆದುಕೊಂಡೆನೆಂದು ಅವರೇ ಹೇಳಿಕೊಂಡಿದ್ದಾರೆ.

ಹಂಸದಂತೆ ತೇಲಿದರು ಎಂದಿದ್ದೆನಲ್ಲ!

ಕಷ್ಟ ಅಷ್ಟಕ್ಕೇ ಮುಗಿಯಲಿಲ್ಲ. ಬಾಗಿಲು ಸರಿಯಾಗಿ ಕೂಡದೆ ಗಾಳಿ ಸೋರತೊಡಗಿ, ಅದನ್ನು ತುಂಬಲು ಯಂತ್ರ ಆಮ್ಲಜನಕವನ್ನು ಸುರಿಯುತ್ತಲೇ ಹೋಯಿತು. ಒಂದು ಕಿಡಿ ಬಿದ್ದಿದ್ದರೂ ಸಾಕಿತ್ತು. ಮರುದಿನ ಸ್ವಯಂಚಾಲಿತ ಇಳಿಕೆಯ ವ್ಯವಸ್ಥೆ ಕೈಕೊಟ್ಟಿತು. ಬೆಲ್ಯಾಯೆವ್ ಕೈಯಿಂದಲೇ ನೌಕೆಯ ದಿಕ್ಕನ್ನು ಸರಿಪಡಿಸಿ ಇಳಿಸಬೇಕಾಯಿತು. ಕಿಟಕಿಯಿಂದ ನೋಡಲು ಆಸನಗಳ ಮೇಲೆ ಅಡ್ಡಲಾಗಿ ಮಲಗಿ, ಮತ್ತೆ ತಮ್ಮ ಜಾಗಕ್ಕೆ ಬರುವಷ್ಟರಲ್ಲಿ ಕೆಲವು ಸೆಕೆಂಡು ತಡವಾಯಿತು. ಆ ತಡ ಅವರನ್ನು ಗುರಿಯಿಂದ ಸುಮಾರು 380 ಕಿಲೋಮೀಟರ್ ಆಚೆಗೆ ಒಯ್ದಿತು. ಬಹುಮಟ್ಟಿಗೆ ನಮ್ಮ ಬಾಗಲಕೋಟೆಯಿಂದ ಬೆಂಗಳೂರಿನಷ್ಟು ದೂರ. ಪೆರ್ಮ್ ಸೀಮೆಯ ದಟ್ಟ ಕಾಡಿನ ಆಳವಾದ ಹಿಮದಲ್ಲಿ ಎರಡು ರಾತ್ರಿ ಕಳೆದು, ಮೂರನೆಯ ದಿನ ಕಾಲಿಗೆ ಜಾರುಪಟ್ಟಿ ಕಟ್ಟಿಕೊಂಡು ಹೆಲಿಕಾಪ್ಟರ್ ನಿಂತಲ್ಲಿಗೆ ಬಂದರು.

'ಸುಖವಾಗಿ ಇಳಿದರು.'

ನಾನು ತಿಳಿಯದೆ ಕಲಿಸಿದೆ, ಆದ್ದರಿಂದ ನನ್ನ ತಪ್ಪು ಕ್ಷಮ್ಯವೆಂದು ಹಲವು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ಅಂದಿನ ಸೋವಿಯತ್ ಪ್ರಕಟಣೆಗಳು ಎಲ್ಲವೂ ಸುಗಮವಾಯಿತೆಂದೇ ಸಾರಿದ್ದವು; ಹುನಗುಂದದ ಮಾಸ್ತರನಿಗೆ ಬೇರೆ ದಾರಿಯಾದರೂ ಎಲ್ಲಿತ್ತು? ಈ ಸಮಾಧಾನವನ್ನು ಮುರಿದವನು ಆ ಹಿಂದಿನ ಸಾಲಿನ ಹುಡುಗನೇ.

ಅವನು ಮುಂದೆ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆದ. ನಿವೃತ್ತನಾದ ಮೇಲೆ ಒಮ್ಮೆ ನವನಗರದ ನಮ್ಮ ಮನೆಗೆ ಬಂದ. ಚಹಾದ ಬಟ್ಟಲನ್ನು ಬಲಗೈಯಲ್ಲಿ ಹಿಡಿದಿದ್ದ; ಎಡಗೈಯ ಎರಡು ಬೆರಳುಗಳು ಮಡಚುತ್ತಿರಲಿಲ್ಲ. ನಾನು ಲಿಯೊನೊವ್ ಅವರ ವಿಷಯ ತೆಗೆದೆ. ಅವನಿಗೆ ತಾನು ಕೇಳಿದ ಪ್ರಶ್ನೆ ನೆನಪೇ ಇರಲಿಲ್ಲ. ನೆನಪು ನನ್ನ ಪಾಲಿಗೆ ಬಂದಿತ್ತು. ಉಡುಪು ಉಬ್ಬಿದ ಕಥೆಯನ್ನೆಲ್ಲ ಹೇಳಿದೆ. ಕೊನೆಗೆ, "ಅಂಜಿಕೆ ಇರುವುದಿಲ್ಲ ಅಂತ ಹೇಳಿದ್ದೆ ನೋಡಪ್ಪ, ಅದು ತಪ್ಪು" ಎಂದೆ.

"ಅಂಜಿಕಿ ಇಲ್ಲದವ ನಮ್ಮ ಕೆಲಸದಾಗ ಉಳಿಯಂಗಿಲ್ರಿ ಸರ," ಎಂದ. "ಲೈನ್ ಬಂದ್ ಐತಿ ಅಂತ ಯಾರರೆ ಅಂದ್ರ, ಅಂಜಿಕಿ ಇಲ್ಲದವ ಹಂಗೇ ಕಂಬ ಏರ್ತಾನ. ಅಂಜಿಕಿ ಇದ್ದವ ಅರ್ಥಿಂಗ್ ಹಾಕಿ, ಎರಡು ಸಲ ನೋಡಿ ಏರ್ತಾನ."

ಆಮೇಲೆ ತನ್ನ ಕೈಯ ಕಥೆಯನ್ನು ಹೇಳಿದ. ಒಂದು ದಿನ ಲೈನ್ ನಿಜವಾಗಿಯೂ ಬಂದಾಗಿತ್ತು. ಆದರೆ ಹತ್ತಿರದ ಗಿರಣಿಯೊಂದರ ಜನರೇಟರಿನಿಂದ ವಿದ್ಯುತ್ತು ಹಿಂದಕ್ಕೆ ಹರಿದು ತಂತಿಗೆ ಬಂದಿತ್ತು. ಅಂದು ಅವಸರದಲ್ಲಿ ಅರ್ಥಿಂಗ್ ಹಾಕಿರಲಿಲ್ಲ. ಜೀವ ಉಳಿಯಿತು. ಹೇಳಿದರೆ ತನ್ನ ತಪ್ಪೇ ಹೊರಬೀಳುತ್ತದೆ, ಜೊತೆಯವರು ನಗುತ್ತಾರೆ ಎಂದು ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಬಿಸಿ ಎಣ್ಣೆ ಬಿತ್ತೆಂದ. ಮೂರು ತಿಂಗಳ ನಂತರ ಅದೇ ಕಂಬದ ಮೇಲೆ, ಅದೇ ರೀತಿಯಲ್ಲಿ, ಹೊಸದಾಗಿ ಸೇರಿದ್ದ ಒಬ್ಬ ತರುಣನಿಗೆ ಹೊಡೆಯಿತು. ಅವನೂ ಬದುಕಿದ. ಆದರೆ ಮತ್ತೆಂದೂ ಕಂಬ ಏರಲಿಲ್ಲ.

"ನಾ ಹೇಳಿದ್ದರ ಆ ಹುಡುಗ ಏರತಿದ್ದಿಲ್ರಿ ಸರ," ಎಂದ. ಅಷ್ಟೇ. ಬಟ್ಟಲು ಕೆಳಗಿಟ್ಟು, ನನ್ನ ಮಂಡಿನೋವನ್ನು ವಿಚಾರಿಸಿದ.

ಅವನು ಹೋದ ಮೇಲೆ ನಾನು ಮತ್ತೆ ಆ ಪುಸ್ತಕವನ್ನು ತೆಗೆದೆ. ಹಿಂದೆ ಒಬ್ಬ ಸಾಹಸಿಯ ಕಥೆಯೆಂದು ಓದಿದ್ದ ಜೀವನದುದ್ದಕ್ಕೂ ಇಂಥ ಬಚ್ಚಿಟ್ಟ ಕಂಬಗಳೇ ನಿಂತಿರುವುದು ಈಗ ಕಾಣಿಸಿತು.

1960ರಲ್ಲಿ ಗಗನಯಾತ್ರೆಗೆಂದು ಆಯ್ಕೆಯಾದ ಮೊದಲ 20 ವಿಮಾನಚಾಲಕರಲ್ಲಿ ಲಿಯೊನೊವ್ ಒಬ್ಬರು. ಅವರಲ್ಲಿಯೇ ಇನ್ನೊಬ್ಬ ವ್ಯಾಲೆಂಟಿನ್ ಬೊಂಡರೆಂಕೊ, ವಯಸ್ಸು 24. ಆಮ್ಲಜನಕ ತುಂಬಿದ ಕೋಣೆಯಲ್ಲಿ ಒಂಟಿಯಾಗಿ ದಿನಗಳನ್ನು ಕಳೆಯುವ ಪರೀಕ್ಷೆಯಲ್ಲಿದ್ದಾಗ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ತುಣುಕೊಂದು ಬಿಸಿ ಒಲೆಯ ಮೇಲೆ ಬಿತ್ತು. 1961ರ ಮಾರ್ಚ್ 23ರಂದು ಆತ ಸುಟ್ಟಗಾಯಗಳಿಂದ ತೀರಿಕೊಂಡ. ಇಪ್ಪತ್ತೇ ದಿನಗಳಲ್ಲಿ ಗಗಾರಿನ್ ಹಾರಿದರು, ಜಗತ್ತು ಹಬ್ಬ ಮಾಡಿತು. ಬೊಂಡರೆಂಕೊ ಹೆಸರು ಸೋವಿಯತ್ ಪತ್ರಿಕೆಯಲ್ಲಿ ಬಂದದ್ದು 1986ರಲ್ಲಿ.

ನಡುವೆ ಏನಾಯಿತು ನೋಡಿ. ಲಿಯೊನೊವ್ ನಂತರ ಬಾಹ್ಯಾಕಾಶದಲ್ಲಿ ಹೊರಗೆ ಬಂದ ಎರಡನೆಯ ಮನುಷ್ಯ ಅಮೆರಿಕದ ಎಡ್ ವೈಟ್. 1965ರ ಜೂನ್ 3ರಂದು, ಜೆಮಿನಿ 4ರಿಂದ. ಒಳಗೆ ಬರಲು ಮನಸ್ಸೇ ಬರಲಿಲ್ಲವೆಂಬಷ್ಟು ಸಂತೋಷದಿಂದ ಆತ ತೇಲಿದ್ದ. ಅದೇ ಎಡ್ ವೈಟ್ 1967ರ ಜನವರಿ 27ರಂದು, ಇನ್ನಿಬ್ಬರ ಜೊತೆ, ನೆಲದ ಮೇಲೆಯೇ ನಡೆಯುತ್ತಿದ್ದ ಅಪೊಲೊ ನೌಕೆಯ ಪರೀಕ್ಷೆಯಲ್ಲಿ ಬೆಂದುಹೋದ. ನೌಕೆಯ ತುಂಬ ಶುದ್ಧ ಆಮ್ಲಜನಕವಿತ್ತು. ಆರು ವರ್ಷ ಹಿಂದಿನ ಬೆಂಕಿಯ ವಿಷಯ ಅಮೆರಿಕದವರಿಗೆ ತಿಳಿದಿದ್ದರೆ ಆ ಮೂವರು ಬದುಕುತ್ತಿದ್ದರೆಂದು ನಾನು ಪ್ರಮಾಣ ಮಾಡಲಾರೆ. ಆಮ್ಲಜನಕದ ಅಪಾಯ ಅವರಿಗೆ ಗೊತ್ತಿರದ ವಿದ್ಯೆಯೇನೂ ಆಗಿರಲಿಲ್ಲ. ಆದರೆ ಗೊತ್ತಿರುವುದು ಬೇರೆ, ಒಬ್ಬ ತರುಣ ಅದರಿಂದ ಸತ್ತನೆಂದು ಕೇಳುವುದು ಬೇರೆ. ಕಂಬದ ಕೆಳಗೆ ನಿಂತವನಿಗೆ ಈ ವ್ಯತ್ಯಾಸ ಗೊತ್ತು.

ಉಡುಪಿನ ವಿಷಯವೂ ಹಾಗೆಯೇ. ಲಿಯೊನೊವ್ ಅನುಭವಿಸಿದ ಸಂಕಟದ ಪೂರ್ಣ ಕಥೆ ಹೊರಜಗತ್ತಿಗೆ ತಿಳಿಯಲು ವರ್ಷಗಳೇ ಹಿಡಿದವು. 1966ರ ಜೂನ್‌ನಲ್ಲಿ ಜೆಮಿನಿ 9ರಿಂದ ಹೊರಬಂದ ಜೀನ್ ಸರ್ನನ್ ಎರಡು ಗಂಟೆ ಒದ್ದಾಡಿದರು. ಉಡುಪು ಬಾಗದು, ಆತುಕೊಳ್ಳಲು ಆಸರೆಯಿಲ್ಲ, ಬೆವರಿನ ಆವಿಯಿಂದ ಮುಖದ ಗಾಜು ಮಂಜಾಗಿ ಕಣ್ಣೇ ಕಾಣದು. ಆ ವರ್ಷದ ನವೆಂಬರಿನಲ್ಲಿ ಬಝ್ ಆಲ್ಡ್ರಿನ್ ನೀರಿನ ಕೊಳದಲ್ಲಿ ಮುಳುಗಿ ಅಭ್ಯಾಸ ಮಾಡಿ, ಕೈಗೂ ಕಾಲಿಗೂ ಹಿಡಿಕೆಗಳನ್ನು ಇರಿಸಿಕೊಂಡು ಹೋದ ಮೇಲೆ ಕೆಲಸ ಸಲೀಸಾಯಿತು. ಒಂದೇ ಪಾಠವನ್ನು ಮನುಷ್ಯಜಾತಿ ಎರಡು ಸಲ, ಎರಡು ಜೀವಗಳನ್ನು ಪಣಕ್ಕಿಟ್ಟು, ಕಲಿಯಬೇಕಾಯಿತು. ಇಂದು ಗಗನಯಾತ್ರಿಗಳು ಆರೇಳು ಗಂಟೆ ಹೊರಗೆ ನಿಂತು ದುರಸ್ತಿ ಮಾಡುತ್ತಾರೆ. ಸುನೀತಾ ವಿಲಿಯಮ್ಸ್ ಒಬ್ಬರೇ ಒಂಬತ್ತು ಸಲ ಹೊರಬಂದು ಒಟ್ಟು 62 ಗಂಟೆ ಕೆಲಸ ಮಾಡಿದ್ದಾರೆ. ಅದೆಲ್ಲ ತೇಲಿದವರ ಕಥೆಯಿಂದ ಬಂದದ್ದಲ್ಲ, ಒದ್ದಾಡಿದವರ ಕಥೆಯಿಂದ ಬಂದದ್ದು.

ಲಿಯೊನೊವ್ ಅವರು ಉಳಿದ ಬದುಕನ್ನು ಹೇಗೆ ಕಳೆದರೆಂದು ನಾನು ನಿಮಗೆ ಹೇಳಿರಲೇ ಇಲ್ಲ. ನನ್ನ ಪಾಠದಲ್ಲಿ ಅವರು ಒಳಗೆ ಹೋದೊಡನೆ ಗಂಟೆ ಹೊಡೆಯುತ್ತಿತ್ತು. ಅವರು ಹುಟ್ಟಿದ್ದು 1934ರ ಮೇ 30ರಂದು, ಸೈಬೀರಿಯದ ಲಿಸ್ತ್ವ್ಯಾಂಕ ಎಂಬ ಹಳ್ಳಿಯಲ್ಲಿ, ಬಹು ಮಕ್ಕಳ ಬಡ ಕುಟುಂಬದಲ್ಲಿ. ಎರಡು ವರ್ಷದ ಮಗುವಾಗಿದ್ದಾಗ ಸ್ಟಾಲಿನ್ನನ ಕಾಲದ ಹಾವಳಿಯಲ್ಲಿ ತಂದೆಯನ್ನು ಬಂಧಿಸಿ ಒಯ್ದರು. ಕೆಲವು ವರ್ಷಗಳ ಮೇಲೆ ಬಿಟ್ಟರು. ಹುಡುಗನಿಗೆ ಚಿತ್ರಕಲೆಯ ಹುಚ್ಚು. ರೀಗಾ ನಗರದ ಕಲಾಶಾಲೆಯಲ್ಲಿ ಓದುವ ಆಸೆಯಿತ್ತು, ಖರ್ಚಿಗೆ ಗತಿಯಿರಲಿಲ್ಲ. ವಿಮಾನಚಾಲಕರ ಶಾಲೆಗೆ ಹೋದರು. ನನ್ನ ತರಗತಿಗಳಲ್ಲಿ ಇಂಥ ಹುಡುಗರೆಷ್ಟು ಮಂದಿ ಇದ್ದಿರಿ! ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕುಳಿತೇ ಅಂಚಿನ ವಿನ್ಯಾಸವನ್ನು ಗೆರೆಯಲ್ಲಿ ಇಳಿಸಬಲ್ಲವರಿದ್ದಿರಿ. ಒಬ್ಬರನ್ನೂ ಚಿತ್ರಕಲೆ ಕಲಿಯಲು ಕಳಿಸಲು ನನ್ನಿಂದ ಆಗಲಿಲ್ಲ. ಲಿಯೊನೊವ್ ಮಾತ್ರ ತಮ್ಮ ಬಣ್ಣದ ಪೆನ್ಸಿಲುಗಳನ್ನು ಬಿಡಲಿಲ್ಲ. ತೇಲಿಹೋಗದಂತೆ ದಾರ ಕಟ್ಟಿಕೊಂಡು ಅವನ್ನು ನೌಕೆಗೆ ಒಯ್ದಿದ್ದರು. ಹೊರಗಿನಿಂದ ಬದುಕಿ ಬಂದ ಮೇಲೆ, ಕಕ್ಷೆಯಿಂದ ಕಂಡ ಸೂರ್ಯೋದಯವನ್ನು ಬರೆದರು. ಆಕಾಶದಲ್ಲಿ ಕುಳಿತು ಮನುಷ್ಯ ಬರೆದ ಮೊದಲ ಚಿತ್ರವದು.

ಆಮೇಲೆ ಹತ್ತು ವರ್ಷ ಕಾಯುವಿಕೆ. ಚಂದ್ರನನ್ನು ಸುತ್ತಿಬರುವ ಯಾತ್ರೆಗೆ ಸಿದ್ಧರಾದರು. 1968ರ ಡಿಸೆಂಬರಿನಲ್ಲಿ ಅಮೆರಿಕದ ಅಪೊಲೊ 8 ಆ ಕೆಲಸ ಮಾಡಿ ಮುಗಿಸಿತು, ಇವರ ಯಾತ್ರೆ ನಿಂತಿತು. ಅದೇ ವರ್ಷದ ಮಾರ್ಚ್‌ನಲ್ಲಿ ಗಗಾರಿನ್ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ದೇಹದ ಗುರುತು ಹಿಡಿಯುವ ಸಂಕಟ ಇವರ ಪಾಲಿಗೆ ಬಂದಿತ್ತು. 1969ರ ಜನವರಿಯಲ್ಲಿ ಬ್ರೆಜ್ನೇವ್ ಎಂದು ತಿಳಿದು ಒಬ್ಬ ಗುಂಡು ಹಾರಿಸಿದ್ದು ಇವರಿದ್ದ ಕಾರಿಗೆ, ಚಾಲಕ ಸತ್ತ. 1970ರಲ್ಲಿ ಬೆಲ್ಯಾಯೆವ್ ರೋಗದಿಂದ ಹೋದರು. 1971ರ ಜೂನ್‌ನಲ್ಲಿ ಸೊಯೂಜ್ 11ರಲ್ಲಿ ಹೋಗಬೇಕಾಗಿದ್ದ ತಂಡಕ್ಕೆ ಇವರೇ ನಾಯಕ. ಹೊರಡುವ ಕೆಲವೇ ದಿನ ಮುಂಚೆ ಜೊತೆಗಾರ ಕುಬಾಸೊವ್ ಅವರ ಪುಪ್ಪುಸದಲ್ಲಿ ವೈದ್ಯರಿಗೆ ಒಂದು ಕಲೆ ಕಂಡಿತು. ಇಡೀ ತಂಡವನ್ನೇ ಬದಲಿಸಿದರು. ಬದಲಿಗೆ ಹೋದ ಮೂವರು, ಇಳಿಯುವಾಗ ನೌಕೆಯ ಗಾಳಿ ಸೋರಿಹೋಗಿ, ಆಸನಗಳಲ್ಲಿ ಕುಳಿತಂತೆಯೇ ಸತ್ತಿದ್ದರು. ಇಕ್ಕಟ್ಟಿನ ನೌಕೆಯಲ್ಲಿ ಮೂವರನ್ನು ಕೂಡಿಸಬೇಕಾಗಿದ್ದುದರಿಂದ ಅವರಿಗೆ ಒತ್ತಡದ ಉಡುಪೇ ಇರಲಿಲ್ಲ. ಆಮೇಲೆ ಉಡುಪು ಕಡ್ಡಾಯವಾಯಿತು.

ಇಷ್ಟನ್ನು ಕಂಡ ಮನುಷ್ಯ 1975ರ ಜುಲೈ 17ರಂದು ಸೊಯೂಜ್ ನೌಕೆಯ ಬಾಗಿಲಲ್ಲಿ ನಿಂತು, ಅಮೆರಿಕದ ಟಾಮ್ ಸ್ಟಾಫರ್ಡ್ ಅವರ ಕೈ ಹಿಡಿದು ನಕ್ಕರು. ಅತಿಥಿಗಳಿಗೆ ವೋಡ್ಕಾ ಎಂದು ಬರೆದ ಟ್ಯೂಬುಗಳನ್ನು ಕೊಟ್ಟರು. ಒಳಗಿದ್ದದ್ದು ಗಜ್ಜರಿಯ ಬಣ್ಣದ ಬೀಟ್‌ರೂಟ್ ಸಾರು. ಆ ಹಸ್ತಲಾಘವದ ಚಿತ್ರವನ್ನು ಕತ್ತರಿಸಿ ನಾನು ಹುನಗುಂದದ ತರಗತಿಯ ಗೋಡೆಗೆ ಅಂಟಿಸಿದ್ದೆ. ತುರ್ತುಪರಿಸ್ಥಿತಿ ಘೋಷಣೆಯಾಗಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಚಿತ್ರ ಬಂದ ಪತ್ರಿಕೆಯ ಮೇಲೂ ಸೆನ್ಸಾರಿನ ಕಣ್ಣಿತ್ತು. ಸೋವಿಯತ್ ಪತ್ರಿಕೆಗಳು ಏನನ್ನು ಬಚ್ಚಿಟ್ಟವೆಂದು ಈಗ ದೊಡ್ಡದಾಗಿ ಬರೆಯುತ್ತಿರುವ ನಾನು, ಅಂದು ನನ್ನ ಕೈಯಲ್ಲಿದ್ದ ಪತ್ರಿಕೆಯಲ್ಲಿ ಏನು ಇಲ್ಲವೆಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹಾರಿದಾಗ ನಾನು ಇಳಕಲ್ಲಿನಲ್ಲಿದ್ದೆ. ಅವರಿಗೂ, ಬದಲಿಯಾಗಿ ಸಿದ್ಧರಾಗಿ ಕೊನೆಗೆ ಹಾರದೇ ಉಳಿದ ರವೀಶ್ ಮಲ್ಹೋತ್ರಾ ಅವರಿಗೂ ತರಬೇತಿ ನಡೆದ ಗಗಾರಿನ್ ಕೇಂದ್ರದಲ್ಲಿ ಆಗ ಲಿಯೊನೊವ್ ಉಪನಿರ್ದೇಶಕರು. ಮುಂದೆ ಶರ್ಮಾ, ಮಲ್ಹೋತ್ರಾ ಇಬ್ಬರೂ ನಮ್ಮ ಬೆಂಗಳೂರಿನಲ್ಲಿ ಕೆಲಸ ಮಾಡಿದರು. ಆ ವರ್ಷ ನಾನು ಲಿಯೊನೊವ್ ಪಾಠವನ್ನು ಹೊಸ ಹುರುಪಿನಿಂದ ಹೇಳಿದೆ. ಹಗ್ಗದ ವಿಷಯ ಬಂದಾಗ ಮೊದಲ ಸಾಲಿನ ಹುಡುಗಿಯೊಬ್ಬಳು, ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಹಾಕುವ ಕೊಂಡಿಯಂತೆ, ಅದು ಬಿಟ್ಟರೆ ಎರಡೂ ಬೇರೆ ಎಂದಳು. ಶಭಾಷ್ ಎಂದೆ. ಕೊಂಡಿ ಹಾಕುವಾಗ ಅವಳ ತಾಯಿ ಪ್ರತಿ ಎಳೆಯನ್ನೂ ಎಳೆದು ನೋಡುತ್ತಿದ್ದಿರಬೇಕು. ಆ ಮಾತನ್ನು ಮುಂದುವರಿಸಲು ನನಗೆ ಹೊಳೆಯಲಿಲ್ಲ.

ಬಾದಾಮಿಯಲ್ಲಿ ಮಾತ್ರ ಒಮ್ಮೆ ಸರಿಯಾದ ಉತ್ತರದ ಹತ್ತಿರಕ್ಕೆ ಬಂದಿದ್ದೆ. ಕೆಂಪು ಬಂಡೆಗಳನ್ನು ಹತ್ತಲು ಹೊರಗಿನಿಂದ ತರುಣರು ಬರುತ್ತಾರಷ್ಟೆ. ಅಗಸ್ತ್ಯತೀರ್ಥದ ಕಡೆಗೆ ಮಕ್ಕಳನ್ನು ಕರೆದೊಯ್ದ ಒಂದು ದಿನ, ಹತ್ತುವವನೊಬ್ಬ ಸೊಂಟದ ಗಂಟನ್ನು ತಾನು ನೋಡಿಕೊಂಡು, ಜೊತೆಗಾರನಿಂದಲೂ ನೋಡಿಸಿಕೊಂಡು, ಆಮೇಲೆ ಬಂಡೆಗೆ ಕೈ ಹಚ್ಚಿದ. ನಮ್ಮ ಮಕ್ಕಳಲ್ಲೊಬ್ಬ "ಪುಕ್ಕಲ ಅದಾನ" ಎಂದು ನಕ್ಕ. ನಾನು ತಿದ್ದಲಿಲ್ಲ. ಅದು ನಾನೇ ಕಲಿಸಿದ ಪಾಠವಾಗಿತ್ತು.

ಮಕ್ಕಳಿಗೆ ವೀರರು ಬೇಕು, ಅವರ ಬೆವರನ್ನೂ ಬಿಕ್ಕಟ್ಟನ್ನೂ ತೋರಿಸಿದರೆ ಉತ್ಸಾಹ ಕುಂದುತ್ತದೆ ಎಂದು ವಾದಿಸುವ ಸಹೋದ್ಯೋಗಿಗಳು ನನಗಿದ್ದರು, ಈಗಲೂ ಇದ್ದಾರೆ. ನಾನು ಒಪ್ಪಲಾರೆ. ವಾಲ್ವ್ ತಿರುಗಿಸಿದ ಲಿಯೊನೊವ್, ಕೈ ಬೀಸಿದ ಲಿಯೊನೊವ್‌ಗಿಂತ ನನಗೆ ದೊಡ್ಡವರಾಗಿ ಕಾಣುತ್ತಾರೆ. 'ನಾನು ಅಂಜಿದೆ' ಎಂದು ಅವರು ಬರೆದಿದ್ದಾರೆಂದು ನಾನು ಹೇಳುತ್ತಿಲ್ಲ. ಅವರು ಮಾಡಿದ್ದು ಲೆಕ್ಕ: ಎಷ್ಟು ನಿಮಿಷ ಉಳಿದಿದೆ, ಎಷ್ಟು ಒತ್ತಡ ಇಳಿಸಬಹುದು, ಎಷ್ಟು ಹೊತ್ತು ಆಮ್ಲಜನಕ ಉಸಿರಾಡಿದ್ದೇನೆ. ನನ್ನ ಲೈನ್‌ಮನ್ ಶಿಷ್ಯ ಅಂಜಿಕೆ ಎಂದು ಕರೆದದ್ದು ಈ ಲೆಕ್ಕವನ್ನೇ ಎಂದು ನನ್ನ ತಿಳಿವಳಿಕೆ. ಅದು ಇಲ್ಲದ ವೀರನ ಚಿತ್ರವನ್ನು ಮಗುವಿನ ಮುಂದಿಟ್ಟರೆ, ಮುಂದೆ ಅದಕ್ಕೆ ಗಾಯವಾದಾಗ ಅದು ಗಾಯವನ್ನು ಮುಚ್ಚಿಡುತ್ತದೆ. ವೀರರಿಗೆ ಅಂಜಿಕೆಯಿಲ್ಲವೆಂದು ಅಂದು ನಾನು ಹೇಳದೆ ಇದ್ದಿದ್ದರೆ, ಅವನು ಬಿಸಿ ಎಣ್ಣೆಯ ಕಥೆ ಕಟ್ಟುತ್ತಿರಲಿಲ್ಲವೇನೋ. ಅಷ್ಟು ದೂರದ ಸಂಬಂಧ ಕಲ್ಪಿಸುವುದು ಮಾಸ್ತರನ ಅಹಂಕಾರವೆಂದು ನನ್ನ ಮಗಳು ಹೇಳುತ್ತಾಳೆ. ಇರಬಹುದು. ನನಗೆ ನಿದ್ದೆ ಬಾರದ ರಾತ್ರಿಗಳಲ್ಲಿ ಆ ವಾದ ಸಹಾಯಕ್ಕೆ ಬರುವುದಿಲ್ಲ.

ಲಿಯೊನೊವ್ 2019ರ ಅಕ್ಟೋಬರ್ 11ರಂದು ಮಾಸ್ಕೋದಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ದಿನ ಅಂತರರಾಷ್ಟ್ರೀಯ ನಿಲ್ದಾಣದ ಹೊರಗೆ ಇಬ್ಬರು ಗಗನಯಾತ್ರಿಗಳು ಬ್ಯಾಟರಿ ಬದಲಿಸುತ್ತಿದ್ದರು. ಸ್ಟಾಫರ್ಡ್ ತಮ್ಮ ಇಳಿವಯಸ್ಸಿನಲ್ಲಿ ಅಂತ್ಯಕ್ರಿಯೆಗೆ ಮಾಸ್ಕೋದವರೆಗೆ ಹೋಗಿ, ರಷ್ಯನ್ ಭಾಷೆಯಲ್ಲಿಯೇ ಗೆಳೆಯನಿಗೆ ವಿದಾಯ ಹೇಳಿದರು. ಆ ಸ್ಟಾಫರ್ಡ್ ತೀರಿಕೊಂಡದ್ದು 2024ರ ಮಾರ್ಚ್ 18ರಂದು. ನಾನು ಫಲಕದ ಮೇಲೆ ಬರೆದಿದ್ದ ಅದೇ ತಾರೀಖು.

ಹಳೆಯ ನೋಟುಪುಸ್ತಕಗಳನ್ನು ಇಟ್ಟುಕೊಳ್ಳುವ ಅಭ್ಯಾಸ ನಿಮ್ಮಲ್ಲಿ ಕೆಲವರಿಗಿದೆಯೆಂದು ಬಲ್ಲೆ. ಅಟ್ಟದ ಮೇಲೆ ಎಲ್ಲಿಯಾದರೂ ಅವು ಸಿಕ್ಕರೆ, ಲಿಯೊನೊವ್ ಪಾಠದ ಕೆಳಗೆ ನಾನು ಬರೆಸಿದ ಸಾಲುಗಳಲ್ಲಿ ದಿನಾಂಕವನ್ನೂ ಹನ್ನೆರಡು ನಿಮಿಷವೆಂಬುದನ್ನೂ ಹಾಗೆಯೇ ಬಿಡಿ. 'ಸುಖವಾಗಿ' ಎಂಬ ಪದ ಎರಡು ಕಡೆ ಬಂದಿದೆ, ಎರಡನ್ನೂ ಹೊಡೆದುಹಾಕಿ. ಬದಿಯಲ್ಲಿ ನನ್ನ ಕೆಂಪು ಶಾಯಿಯ ಸರಿ ಗುರುತು ಇದ್ದರೆ, ಅದನ್ನೂ.